ಮುಗಿಲ ನುಡಿಗೆ ಹೆಪ್ಪು ಹಾಕಿದವಳು

ಬಹುಕಾಲದ ಹಿಂದೆ, ಏಳು ಬೆಟ್ಟಗಳ ನೆರಳು ಒಂದಾಗುವ ಕಡೆ ಹೊಂಬೆಳಗು ಎಂಬ ರಾಜ್ಯವಿತ್ತು. ಆ ರಾಜ್ಯದ ಅಂಚಿನ ಊರಿನಲ್ಲಿ ಸಂಕವ್ವ ಎಂಬ ಮೊಸರು ಮಾರುವ ಹೆಣ್ಣುಮಗಳಿದ್ದಳು. ತಂದೆತಾಯಿ ತೀರಿದ ಮೇಲೆ ಅವಳಿಗೆ ಉಳಿದವನು ತಮ್ಮ ಚೆಲುವಯ್ಯ ಒಬ್ಬನೇ. ಚಿಕ್ಕಂದಿನಲ್ಲಿ ಅವನು ನಾಳೆಗೆಂದು ಎತ್ತಿಟ್ಟ ಹೆಪ್ಪನ್ನು ಕದ್ದು ನೆಕ್ಕುತ್ತಿದ್ದ. ಕೇಳಿದರೆ ಬೆಕ್ಕಿನ ಮೇಲೆ ಹೇಳುತ್ತಿದ್ದ.

ಏಳನೆಯ ಬೆಟ್ಟದ ನೆತ್ತಿಯ ಮೇಲೆ ಮೋಡದ ಕೋಟೆಯೊಂದಿತ್ತು. ಅದನ್ನು ಕಟ್ಟಿದವರು ಮುಗಿಲ ಜನ. ಮರೆಗಾಳಿ ಎಂಬ ಮಾಂತ್ರಿಕ ಅವರನ್ನು ಹೊರಗಟ್ಟಿ ಅದರೊಳಗೆ ಸೇರಿಕೊಂಡಿದ್ದ. ಅವನು ಉಸಿರು ಬಿಟ್ಟರೆ ಮನುಷ್ಯರು ಕೊಕ್ಕರೆಗಳಾಗುತ್ತಿದ್ದರು. ಅವರ ನೆನಪುಗಳೇ ಅವನ ಊಟ. ಒಂದು ದಿನ ಹಸುವನ್ನು ಹೊಡೆದುಕೊಂಡು ಬೆಟ್ಟಕ್ಕೆ ಹೋದ ಚೆಲುವಯ್ಯ ಮರಳಲಿಲ್ಲ. ಹಸು ಮಾತ್ರ ಮರಳಿತು. ಅದರ ಕೊಂಬಿನಲ್ಲಿ ಒಂದು ಬೂದು ಗರಿ ಸಿಕ್ಕಿಕೊಂಡಿತ್ತು.

ಬೆಟ್ಟದ ಬುಡದಲ್ಲಿ ತಾರಜ್ಜಿ ಇದ್ದಳು. ಮುಗಿಲ ಜನರಲ್ಲಿ ಉಳಿದವಳು ಅವಳೊಬ್ಬಳೇ. ಮಂಡಿ ಬಾಗದ್ದರಿಂದ ಬೆಟ್ಟ ಹತ್ತಲಾರಳು. ಸಂಕವ್ವ ಆ ಗರಿಯನ್ನು ಅವಳ ಮುಂದಿಟ್ಟಳು.

"ಇನ್ನು ಮೂರನೆಯ ಹುಣ್ಣಿಮೆಗೆ ಅಲ್ಲಿರುವವರ ಗರಿಗಳೆಲ್ಲ ಬೆಳ್ಳಗಾಗುತ್ತವೆ, ಮಗಳೇ. ಆಮೇಲೆ ನಿನ್ನ ತಮ್ಮನೂ ಕೊಕ್ಕರೆಯೇ. ಅಷ್ಟರೊಳಗೆ ಯಾರಾದರೂ ಕರೆದು, ಅವನು ಓಗೊಟ್ಟರೆ ಬಿಡುಗಡೆ."

"ನಾನು ಕರೆಯುತ್ತೇನೆ."

"ಯಾವ ಮಾತಿನಲ್ಲಿ? ಆ ಕೋಟೆಯಲ್ಲಿ ಬಾಗಿಲಿಗಾಗಲಿ ಹಕ್ಕಿಗಾಗಲಿ ತಿಳಿಯುವುದು ನಮ್ಮ ಮುಗಿಲ ನುಡಿಯೊಂದೇ."

"ಹಾಗಾದರೆ ಅದನ್ನು ಕಲಿಸಿಕೊಡಜ್ಜಿ."

ಸಂಕವ್ವ ಮೂರು ದಿನದಲ್ಲಿ ಮುನ್ನೂರು ಮಾತು ಕಲಿತು ಬೆಟ್ಟ ಹತ್ತಿದಳು. ಬಾಗಿಲಲ್ಲಿ ಮಂಜಿನ ಹುಲಿಯೊಂದು ಮಲಗಿತ್ತು. ಅದು ಏನನ್ನೋ ಕೇಳಿತು. ಸಂಕವ್ವ ಬಾಯಿ ತೆರೆದಳು. ಒಳಗೆ ಒಂದು ಮಾತೂ ಇರಲಿಲ್ಲ. ಹುಲಿ ಊದಿತು, ಅವಳು ತರಗೆಲೆಯಂತೆ ಬುಡಕ್ಕೆ ಬಂದು ಬಿದ್ದಳು. ಮತ್ತೆ ಆರು ದಿನದಲ್ಲಿ ಆರುನೂರು ಮಾತು ಕಲಿತು ಹತ್ತಿದಳು. ಹುಲಿ ಮತ್ತೆ ಊದಿತು, ಅವಳು ಮತ್ತೆ ಬಿದ್ದಳು.

ಆ ಸಂಜೆ ಹಾಲು ಕಾಯಿಸಿ, ಆರಿಸಿ, ಹೆಪ್ಪು ಹಾಕಲು ಹೋದರೆ ಮೊಸರಿನ ಗಡಿಗೆ ಬರಿದಾಗಿತ್ತು. ಹುಟ್ಟಿದಂದಿನಿಂದ ಅವಳ ಮನೆಯಲ್ಲಿ ಹಾಗಾದದ್ದಿಲ್ಲ. ಅವಳು ಕುಡಿಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಾರಜ್ಜಿಯ ಬಾಗಿಲಿಗೆ ಹೋದಳು.

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. "ಮೊಸರು ಮಾರುವವಳ ಮನೆಯಲ್ಲೇ ಹೆಪ್ಪಿಲ್ಲವೇ! ಊರಲ್ಲಿ ಹೇಳಿಬಿಟ್ಟೀಯೆ, ಹುಷಾರು."

"ನಗಜ್ಜಿ, ನಗು. ಮಾತು ಕಲಿಯುವ ಗಡಿಬಿಡಿಯಲ್ಲಿ ಇದ್ದದ್ದನ್ನೆಲ್ಲ ಅಳೆದು ಕೊಟ್ಟುಬಿಟ್ಟೆ. ಒಂದಿಷ್ಟೂ ಎತ್ತಿಡಲಿಲ್ಲ."

"ಎಷ್ಟು ಬೇಕು?"

"ಒಂದು ಚಮಚ ಸಾಕು. ನಿನ್ನೆಯದು ಒಂದು ಚಮಚ ಇದ್ದರೆ ಇಂದಿನ ಗಡಿಗೆಯೆಲ್ಲ..."

ಸಂಕವ್ವ ಕುಡಿಕೆಯನ್ನು ಹೊಸ್ತಿಲ ಮೇಲಿಟ್ಟಳು.

"ಅಜ್ಜಿ, ನಾನು ದಿನದಿನವೂ ಹೊಸ ಹಾಲನ್ನೇ ಸುರಿದುಕೊಂಡೆ. ನಿನ್ನೆಯ ಮಾತನ್ನು ಇಂದಿಗೆ ಉಳಿಸಲೇ ಇಲ್ಲ."

ಮರುದಿನದಿಂದ ಸಂಕವ್ವ ದಿನಕ್ಕೆ ಏಳೇ ಮಾತು ಕಲಿತಳು. ಮೊದಲ ಏಳು ಅವಳ ಅಡುಗೆಮನೆಯವು: ಹಾಲು, ಗಡಿಗೆ, ಹೆಪ್ಪು, ಬೆರಳು, ಬೆಕ್ಕು, ನೆಕ್ಕುವುದು, ಯಾರು ಎಂಬುದು. ಬೆಳಗಾದರೆ ನಿನ್ನೆಯ ಮಾತುಗಳನ್ನು ಹೊರಗೆ ತೆಗೆದು, ಆಡಿ ನೋಡಿ, ಆಮೇಲೆ ಹೊಸದನ್ನು ಬೆರೆಸುತ್ತಿದ್ದಳು. ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ ಹಳೆಯವನ್ನು ಮತ್ತೆ ತೆಗೆಯುತ್ತಿದ್ದಳು. ಯಾವುದಾದರೂ ಮರೆತರೆ ಕೂಡಲೇ ಅಜ್ಜಿಯ ಬಳಿಗೆ ಓಡುತ್ತಿರಲಿಲ್ಲ; ಬೆಣ್ಣೆ ಏಳುವವರೆಗೆ ಕಡೆಯುವಂತೆ ಮನಸ್ಸನ್ನು ಕಡೆಯುತ್ತಿದ್ದಳು. ಹಸುವಿನೊಡನೆ ಅದೇ ಮಾತು, ಮೊಸರು ಮಾರುವ ಮನೆಗಳ ಮುಂದೆಯೂ ಅದೇ ಮಾತು.

"ಏನೇ ಸಂಕವ್ವ, ಮೊಸರಿಗೆ ನೀರು ಬೆರೆಸಿದ್ದು ಸಾಲದೆಂದು ಮಾತಿಗೂ ಏನೋ ಬೆರೆಸಿದ್ದೀಯೆ?" ಎಂದು ಕುಂಬಾರರ ದೊಡ್ಡಮ್ಮ ಛೇಡಿಸಿದಳು.

ಒಂದು ಮಾತನ್ನು ಮಾತ್ರ ಸಂಕವ್ವ ಕಲಿಯಲಿಲ್ಲ. ಮುಗಿಲ ನುಡಿಯಲ್ಲಿ 'ತಮ್ಮ' ಎನ್ನುವುದಕ್ಕೆ ಏನೆಂದು ಕೇಳಹೊರಟಾಗಲೆಲ್ಲ ಅವಳು ಬೇರೊಂದು ಮಾತನ್ನು ಕೇಳಿಬಿಡುತ್ತಿದ್ದಳು. ನಾಳೆ, ನಾಳೆ ಎಂದು ಅದನ್ನು ಮುಂದಕ್ಕೆ ಹಾಕುತ್ತಾ ಬಂದು, ಮೂರನೆಯ ಹುಣ್ಣಿಮೆಯ ಬೆಳಗ್ಗೆ ಕಲಿತು ಬೆಟ್ಟ ಹತ್ತಿದಳು.

ಮಂಜಿನ ಹುಲಿ ಕೇಳಿತು: "ಎಲ್ಲಿಂದ ಬಂದೆ?"

"ಹಾಲು ಕಾಯುವ ಒಲೆಯ ಪಕ್ಕದಿಂದ" ಎಂದಳು ಸಂಕವ್ವ, ಮುಗಿಲ ನುಡಿಯಲ್ಲಿ. ಹುಲಿ ಎದ್ದು, ಬೆಕ್ಕಿನಂತೆ ಮೈ ಉಜ್ಜಿ ದಾರಿ ಬಿಟ್ಟಿತು.

ಮುಂದೆ ನಿಂತ ನೀರಿನ ಗೋಡೆ. ಅದು ನೆಲದಿಂದ ಆಕಾಶದವರೆಗೆ ಇತ್ತು. ಅದರೊಳಗೆ ಹಗಲಿನಲ್ಲೇ ನಕ್ಷತ್ರಗಳು ಈಜುತ್ತಿದ್ದವು. ಸಂಕವ್ವ ಕಣ್ಣೆವೆ ಮುಚ್ಚದೆ ನೋಡಿದಳು. "ತಾಯಿ, ದಾರಿ ಕೊಡು" ಎಂದಳು. ಎಷ್ಟೋ ವರ್ಷಗಳಿಂದ ತನ್ನ ನುಡಿ ಕೇಳದಿದ್ದ ನೀರು ನಡುಗಿತು, ಎರಡಾಗಿ ಸರಿಯಿತು.

ಒಳಗೆ, ಬೆಳ್ಳಗೆ ಹೊಳೆಯುವ ಅಂಗಳದ ತುಂಬ ಸಾವಿರ ಕೊಕ್ಕರೆಗಳು ಒಂದೇ ಕಾಲಿನ ಮೇಲೆ ನಿಂತಿದ್ದವು. ನಡುವೆ ಮರೆಗಾಳಿ ಕುಳಿತಿದ್ದ.

"ಮೊಸರಮ್ಮ ಬಂದಳೋ! ಕರೆ, ಕರೆ, ನಿನ್ನವನನ್ನು" ಎಂದು ಅವನು ಅವಳ ಮೇಲೆ ಉಸಿರು ಬಿಟ್ಟ.

ಸಂಕವ್ವನ ತಲೆಯೊಳಗಿಂದ ಮಾತುಗಳು ನೊರೆಯಂತೆ ಹಾರಿಹೋದವು. ಅಂದು ಕಲಿತದ್ದು ಹೋಯಿತು, ನಿನ್ನೆಯದೂ ಹೋಯಿತು. 'ತಮ್ಮ' ಎಂಬ ಮಾತು ಹೋಯಿತು. ಕೊಕ್ಕರೆಗಳ ಕೊನೆಯ ಬೂದು ಗರಿಗಳು ಬೆಳ್ಳಗಾಗುತ್ತಿದ್ದವು.

ಮರೆಗಾಳಿ ಮತ್ತೆ ಊದಿದ. ಆದರೆ ತಳದಲ್ಲಿದ್ದವು ಅಲುಗಲಿಲ್ಲ. ಅವು ಹೆಪ್ಪುಗಟ್ಟಿದ್ದವು. ಗಡಿಗೆ ಮಗುಚಿದರೂ ಬೀಳದ ಗಟ್ಟಿ ಮೊಸರಿನಂತೆ ಮೊದಲ ಏಳು ಮಾತುಗಳು ಹಾಗೆಯೇ ನಿಂತಿದ್ದವು. ಸಂಕವ್ವ ಅವನ್ನೇ ಹೆಕ್ಕಿಕೊಂಡು, ಮುಗಿಲ ನುಡಿಯಲ್ಲಿ, ಅಂಗಳವೆಲ್ಲ ಕೇಳುವಂತೆ ಗದರಿದಳು:

"ಗಡಿಗೆಯ ಹೆಪ್ಪನ್ನು ಬೆರಳಲ್ಲಿ ನೆಕ್ಕಿದವರು ಯಾರು?"

ದೂರದ ಮೂಲೆಯಲ್ಲಿ ಒಂದು ಕೊಕ್ಕರೆ ಮೆಲ್ಲನೆ ಕತ್ತೆತ್ತಿತು. ಎರಡನೆಯ ಕಾಲನ್ನು ನೆಲಕ್ಕಿಟ್ಟಿತು.

"ನಾನಲ್ಲಕ್ಕಾ!" ಎಂದಿತು. "ಬೆಕ್ಕು!"

ಅಷ್ಟರಲ್ಲಿ ಗರಿಗಳು ಉದುರಿ, ಚೆಲುವಯ್ಯ ನಿಂತಿದ್ದ. ಅವನು ಪಕ್ಕದ ಹಕ್ಕಿಯನ್ನು ಮುಟ್ಟಿ, ಮುಗಿಲ ನುಡಿಯಲ್ಲೇ, "ನಿನ್ನ ಮನೆಯಲ್ಲಿ ಯಾರಿದ್ದರು?" ಎಂದು ಕೇಳಿದ. ಅದು ನೆನೆದು ಮನುಷ್ಯನಾಯಿತು. ಆ ಮನುಷ್ಯ ಇನ್ನೊಂದನ್ನು ಕೇಳಿದ. ಒಂದು ಚಮಚ ಹೆಪ್ಪು ಗಡಿಗೆಯನ್ನೆಲ್ಲ ಸೇರುವಂತೆ ನೆನಪು ಅಂಗಳವನ್ನೆಲ್ಲ ಸೇರಿತು. ಸಾವಿರ ಜನ ಸಾವಿರ ಹೆಸರುಗಳನ್ನು ಕೂಗಿದರು.

ತಿನ್ನಲು ನೆನಪಿಲ್ಲದೆ ಮರೆಗಾಳಿ ತೆಳುವಾದ, ಇನ್ನೂ ತೆಳುವಾದ, ಕೊನೆಗೆ ಬಿಸಿಲಿಗೆ ಸಿಕ್ಕ ಮಂಜಿನಂತೆ ಕರಗಿಹೋದ. ಸಾವಿರ ಜನರಲ್ಲಿ ನಾಲ್ವರು ತಾರಜ್ಜಿಯನ್ನು ಎರಡು ದೊಣ್ಣೆಗಳ ಮೇಲೆ ಕೂರಿಸಿ ಕೋಟೆಗೆ ಹೊತ್ತು ತಂದರು. ನೀರಿನ ಗೋಡೆ ಅವಳ ದನಿ ಕೇಳಿ ತಾನಾಗಿ ಬಾಗಿತು.

ಅಂದಿನಿಂದ ಆ ರಾಜ್ಯದಲ್ಲಿ ಯಾರೂ ಹೆಪ್ಪು ತೆಗೆದಿಡದೆ ಮೊಸರು ಬಡಿಸಲಿಲ್ಲ, ನಿನ್ನೆಯ ಮಾತನ್ನು ಆಡದೆ ಹೊಸ ಮಾತು ಕಲಿಯಲಿಲ್ಲ. ಅಕ್ಕತಮ್ಮಂದಿರು ಸುಖವಾಗಿ ಬಾಳಿದರು. ಬೆಕ್ಕಿನ ಮೇಲಿನ ಅಪವಾದ ಮಾತ್ರ ತೀರಲಿಲ್ಲ. ಈ ಕತೆ ಕೇಳಿದವರ ಮನೆಯ ಗಡಿಗೆಯೂ ಎಂದೂ ಬರಿದಾಗದಿರಲಿ.