ಕಪ್ಪು ಪಟ್ಟಿಗೆ ಮಸೆದ ಕತ್ತಿ

“ಮಸೆಯೋಕೆ ಕಂದು ಪಟ್ಟಿ ಇದೆ. ಆ ಕಪ್ಪು ಪಟ್ಟಿ ಮಾತ್ರ ಮುಟ್ಟಬೇಡಿ, ಅಳಿಯಂದ್ರೆ,” ಎಂದಿದ್ದರು ಮಾವ. ಅದು ಹೆಣಗಳ ಕ್ಷೌರದ ಕತ್ತಿ ಮಸೆಯಲು ಇಟ್ಟಿದ್ದ ಚರ್ಮದ ಪಟ್ಟಿ. ಹಿಂದೊಮ್ಮೆ ಒಬ್ಬ ಮಾಟಗಾರನ ಹೆಣ ಅರ್ಧ ಕ್ಷೌರವಾಗುವಾಗ ಕಣ್ಣು ಬಿಟ್ಟಿತಂತೆ. ಮಾವನ ಅಪ್ಪ ಕತ್ತಿ ಎಸೆದು ಓಡಿದ್ದರಂತೆ. ಅಂದಿನಿಂದ ಆ ಪಟ್ಟಿ, ಕ್ಷೌರವಾಗದೆ ಉಳಿದ ಅರ್ಧ ಮುಖವನ್ನು ಹುಡುಕುತ್ತಿದೆಯಂತೆ. ಸುಡಲು ಹೋದರೆ ಬೆಂಕಿಯೇ ಆರಿತಂತೆ.

ದೊಡ್ಡ ಸಲೂನಿನಲ್ಲಿ ಪಳಗಿದ ಅಳಿಯ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಕೈ ನಡುಗುವ ಮಾವ ಅಂಗಡಿಯನ್ನು ಅವನಿಗೆ ಒಪ್ಪಿಸಿ ಎದುರಿನ ಹೋಟೆಲಿಗೆ ಚಹಾಕ್ಕೆ ಹೋದರು. ಕುರ್ಚಿಯಲ್ಲಿ ಅವರ ಒಬ್ಬನೇ ಮಗ, ಮುಖದ ತುಂಬ ನೊರೆ ಹಚ್ಚಿಸಿಕೊಂಡು, ಭಾವನ ಕೈಚಳಕ ನೋಡಲು ಕೂತಿದ್ದ.

ಕತ್ತಿಯ ಬೆನ್ನು ಮುಂದೆ, ಬಾಯಿ ಹಿಂದೆ. ಪಟ್ಟಿಯ ತುದಿ ಮುಟ್ಟಿದಾಗ ಕತ್ತಿಯನ್ನು ಬೆನ್ನಿನ ಮೇಲೆ ಹೊರಳಿಸಿ ವಾಪಸ್ಸು. ಕಲಿಯುವವರಿಗೂ ಗೊತ್ತಿರುವ ಮಾತು. ವೇಗ ತೋರಿಸುವ ಭರದಲ್ಲಿ ಅಳಿಯ ಹೊರಳಿಸುವುದನ್ನೇ ಮರೆತ. ಕಂದು ಪಟ್ಟಿ ಅಡ್ಡಡ್ಡ ಸೀಳಿಹೋಯಿತು. ಮಾವ ನೋಡಿದರೆ ಮಾನ ಹೋಗುತ್ತದೆಂದು ಅದನ್ನು ಮಡಚಿ ಡ್ರಾಯರಿಗೆ ತುರುಕಿದ, ಕಪ್ಪು ಪಟ್ಟಿಯ ತುದಿ ಹಿಡಿದು ಎಳೆದ.

ಪಟ್ಟಿ ತಾನೇ ಬಿಗಿಯಾಯಿತು. ಅದನ್ನು ತೂಗುಹಾಕಿದ್ದ ಮೊಳೆಯ ಕಡೆಯಿಂದ ಯಾರೋ ಜಗ್ಗಿದ ಹಾಗೆ. ಸುಟ್ಟ ಕೂದಲಿನ ವಾಸನೆ ಮೂಗಿಗೆ ಅಡರಿತು. ಆದರೆ ಕತ್ತಿ ಹಿಂದೆಂದೂ ಇಷ್ಟು ಹರಿತವಾಗಿರಲಿಲ್ಲ. ಅವನಿಗೆ ಖುಷಿಯೇ ಆಯಿತು.

ಹುಡುಗನ ಎಡಗೆನ್ನೆಯ ಕ್ಷೌರ ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಕಿಟಕಿಯ ಮಬ್ಬಿನಲ್ಲಿ ಕಂಡದ್ದು ಬೂದುಬಣ್ಣದ ಕೆನ್ನೆ. ಗಲ್ಲದಲ್ಲಿ ಗಾಯ, ರಕ್ತವಿಲ್ಲ. ಎಡಗಣ್ಣು ಮಿಟುಕುತ್ತಿಲ್ಲ.

“ಭಾವ... ಈ ಕಡೆ ನಾನಿಲ್ಲ,” ಎಂದ ಹುಡುಗ, ಅರ್ಧ ಬಾಯಲ್ಲಿ.

ಬಾಗಿಲಲ್ಲಿ ಮಾವ ನಿಂತಿದ್ದರು. ಪಟ್ಟಿ ನೋಡಿದರು, ಮಗನನ್ನು ನೋಡಿದರು. ಬೈಯಲಿಲ್ಲ.

“ಅಪ್ಪ ಹೇಳ್ತಿದ್ರು, ನೊರೆ ಆರೋದ್ರೊಳಗೆ ಉಳಿದ ಬಲ ಅರ್ಧ ಬೇರೆ ಯಾರಾದ್ರೂ ತಮ್ಮ ಮುಖದಿಂದ ಕೊಟ್ರೆ ಇವನನ್ನ ಬಿಡುತ್ತೆ. ಇಲ್ದಿದ್ರೆ ಇವನನ್ನ ಪೂರ್ತಿ ತಗೊಳ್ಳುತ್ತೆ.”

‘ನಾನು ಕೊಡ್ತೀನಿ’ ಎಂದು ಅಳಿಯ ಹೇಳಬೇಕಿತ್ತು. ತಪ್ಪು ಅವನದೇ. ಕಾಲು ಕದಲಲಿಲ್ಲ. ನೊರೆಯ ಅಂಚು ಒಣಗುತ್ತಿತ್ತು. ಗುಳ್ಳೆಗಳು ಒಡೆಯುತ್ತಿದ್ದವು. ಹುಡುಗನ ಬಲಗಣ್ಣಿನಿಂದ ಮಾತ್ರ ನೀರು ಸುರಿಯುತ್ತಿತ್ತು. ಅಳಿಯ ನೆಲ ನೋಡಿದ.

ಮಾವ ಸ್ಟೂಲು ಎಳೆದು ಕೂತರು. ತಮ್ಮ ಬಲಗೆನ್ನೆಗೆ ತಾವೇ ನೊರೆ ಹಚ್ಚಿಕೊಂಡರು.

“ಕತ್ತಿ ಎಳೀರಿ.”

ಎಳೆದ. ಮತ್ತೆ ಎಳೆದ. ಹೆಣ ಸುಡುವ ವಾಸನೆ. ಹಿಂದಿನಿಂದ ಯಾರದೋ ಉಸಿರು. ಕೊನೆಯ ಎಳೆತ. ಹಿಂದೆ ಹುಡುಗ ಚೀರಿದ. ಎರಡೂ ಕಣ್ಣು ಮಿಟುಕಿಸಿದ. ಗಲ್ಲದಿಂದ ಕೆಂಪು ರಕ್ತ ಇಳಿಯಿತು.

ಮಾವನ ಬಲಗೆನ್ನೆ ಬೂದುಬಣ್ಣಕ್ಕೆ ತಿರುಗಿತ್ತು. ಬದುಕಿದ್ದ ಎಡಗಣ್ಣು ಅಳಿಯನನ್ನೇ ನೋಡುತ್ತಿತ್ತು. ಅದರಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನು ಹೇಗೋ ತಾಳಿಕೊಳ್ಳುತ್ತಿದ್ದ.