ಎರಡು ಮನೆಯ ಕಾಲಂ

ಟೂಲ್ ಬ್ಯಾಗ್ ಹೆಗಲಿಗೇರಿಸಿಕೊಂಡು ನಾಲ್ಕು ಮಹಡಿ ಹತ್ತಿ ಬಂದವಳು ಇನ್ನೂ ಏದುಸಿರು ಬಿಡುತ್ತಿದ್ದಳು. ಆಫೀಸಿನ ಮೇಜಿನ ಹಿಂದಿದ್ದ ಆಡಿಟರ್ ತಲೆಯೆತ್ತಿದವನೇ ಆ ಪರದೇಶದ ಭಾಷೆಯಲ್ಲಿ ಶುರು ಹಚ್ಚಿಕೊಂಡ. ಲಿಫ್ಟ್ ಕೆಟ್ಟು ಮೂರು ದಿನವಾಯಿತು, ಫೋನ್ ಮಾಡಿ ಮಾಡಿ ಸಾಕಾಯಿತು, ಈಗ ಬರುವುದೇ? ಕೊನೆಗೆ ತನ್ನಷ್ಟಕ್ಕೆ, ಅಚ್ಚ ಕನ್ನಡದಲ್ಲಿ ಗೊಣಗಿದ: "ಮಹಾರಾಣಿ ಈಗ ದಯಮಾಡಿಸಿದ್ರು ನೋಡು!"

ಅವಳು ಲಿಫ್ಟ್ ಮೆಕ್ಯಾನಿಕ್ ಹೌದು. ಆದರೆ ಆ ಶನಿವಾರ ಬೇರೆಡೆಯ ಡ್ಯೂಟಿ ಮುಗಿಸಿ ನೇರ ಇಲ್ಲಿಗೆ ಬಂದದ್ದು ಸ್ವಂತ ಕೆಲಸಕ್ಕೆ. ಪರದೇಶಕ್ಕೆ ದುಡಿಯಲು ಬಂದು ಎರಡು ವರ್ಷ, ಇದೇ ಮೊದಲ ಟ್ಯಾಕ್ಸ್ ರಿಟರ್ನ್.

ಅವಳು ಬ್ಯಾಗ್ ಸಮೇತ ಹೊರಗೆ ಹೋದಳು. ಅರ್ಧ ಗಂಟೆಯ ಮೇಲೆ ಲಿಫ್ಟಿನಲ್ಲೇ ಮೇಲೆ ಬಂದು ಅವನೆದುರು ಕೂತಳು.

"ಮಹಾರಾಣಿ ಲಿಫ್ಟ್ ಸರಿ ಮಾಡಿದ್ರು. ಈಗ ಟ್ಯಾಕ್ಸ್ ನೋಡ್ತೀರಾ?"

ಅವನ ಕಿವಿ ಕೆಂಪಾಯಿತು. "ಕನ್ನಡದವ್ರಾ? ಅಯ್ಯೋ!"

ಅಲ್ಲಿಂದ ಮೂರು ಶನಿವಾರ ರಸೀದಿಗಳ ಸಂಗಡವೇ ಕಳೆಯಿತು. ಸೇಫ್ಟಿ ಶೂ, ಬಸ್ ಪಾಸ್, ಭಾಷೆಯ ಕ್ಲಾಸಿನ ಫೀಸು, ಗ್ರೀಸ್ ಮೆತ್ತಿದ ಯೂನಿಫಾರ್ಮ್ ಒಗೆದ ಖರ್ಚು. ದಿನನಿತ್ಯದ ಇಷ್ಟೆಲ್ಲ ಖರ್ಚಿಗೆ ತೆರಿಗೆ ಕಡಿತ ಸಿಗುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಈ ಹ್ಯಾಂಡ್ ಕ್ರೀಮು?"

"ಕೇಬಲ್ ಹಿಡಿದೂ ಹಿಡಿದೂ ಕೈ ಒಡೆಯುತ್ತೆ. ಬೇಕಿದ್ರೆ ನೋಡಿ."

ಅವಳು ಅಂಗೈ ಚಾಚಿದಳು. ಅವನು ನೋಡಿದ. ಒಂದು ಕ್ರೀಮಿನ ಲೆಕ್ಕಕ್ಕೆ ಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನೋಡಿದ.

"ಸಿಗುತ್ತೆ," ಎಂದ, ರಸೀದಿಯತ್ತ ಕಣ್ಣು ತಿರುಗಿಸಿ.

ಕೊನೆಗೆ ಬಂದದ್ದು ಎರಡು ಮನೆಯ ಕಾಲಂ. ಊರಲ್ಲೊಂದು, ಇಲ್ಲೊಂದು ಮನೆ ನಡೆಸುವವರಿಗೆ ಇಲ್ಲಿಯ ಬಾಡಿಗೆಯಲ್ಲೂ ಕಡಿತವುಂಟು. ಒಟ್ಟು ಸೇರಿಸಿದರೆ ಅವಳ ಒಂದು ತಿಂಗಳ ಸಂಬಳ ವಾಪಸ್ ಬರುತ್ತಿತ್ತು. ಆದರೆ ಒಂದು ಹೇಳಿಕೆಗೆ ಸಹಿ ಹಾಕಬೇಕು. ಅವನು ಅದನ್ನು ಕನ್ನಡದಲ್ಲಿ ಓದಿ ಹೇಳಿದ: "ನನ್ನ ಬದುಕು, ನನ್ನವರು ಇರೋದು ಊರಲ್ಲೇ. ಇಲ್ಲಿರೋದು ಕೆಲಸಕ್ಕಷ್ಟೇ."

ಓದಿ ಮುಗಿಸಿ ಪೆನ್ನಿನ ಕ್ಯಾಪು ತಿರುಗಿಸುತ್ತ ಕೇಳಿದ, "ಇಲ್ಲಿ ನಿಮ್ಮವರು ಅಂತ ಯಾರೂ... ಇಲ್ವಾ?"

"ಆ ಪ್ರಶ್ನೆ ಫಾರ್ಮಲ್ಲಿದೆಯಾ?"

"ಇಲ್ಲ."

ಅವಳು ನಗು ನುಂಗಿಕೊಂಡು ಫಾರ್ಮ್ ಮಡಚಿ ಮನೆಗೆ ಒಯ್ದಳು.

ಅಮ್ಮನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದಳು. ಆ ದುಡ್ಡಲ್ಲಿ ಅಮ್ಮನ ಹಲ್ಲಿನ ಸೆಟ್ಟು ಆಗುತ್ತಿತ್ತು.

"ನನ್ನ ಹಲ್ಲು ಇನ್ನೊಂದು ವರ್ಷ ಕಾಯುತ್ತೆ ಕಣೇ," ಎಂದಳು ಅಮ್ಮ. "ಮೂರು ವಾರದಿಂದ ಫೋನ್ ತೆಗೆದ್ರೆ ಆ ಆಡಿಟರ್ ಸುದ್ದಿನೇ. ಆಮೇಲೆ ಇಲ್ಲಿ ನಂಗ್ಯಾರೂ ಇಲ್ಲ ಅಂತ ಸುಳ್ಳು ಬರೀತೀಯಾ?"

ನಾಲ್ಕನೇ ಶನಿವಾರ ಅವಳು ಕೊಟ್ಟ ಫಾರ್ಮಿನಲ್ಲಿ ಆ ಹೇಳಿಕೆಯ ಮೇಲೆ ನೇರ ಗೆರೆ ಎಳೆದಿತ್ತು. ಅವನು ಎರಡೆರಡು ಸಲ ನೋಡಿದ.

"ಇದನ್ನ ಬಿಟ್ರೆ ತುಂಬಾ ದುಡ್ಡು ಹೋಗುತ್ತೆ ನಿಮಗೆ."

"ಗೊತ್ತು. ಆದ್ರೆ ಅಲ್ಲಿ ಬರೆದಿರೋದು ಈಗ ನಿಜ ಅಲ್ಲ." ಇಷ್ಟು ಹೇಳುವಷ್ಟರಲ್ಲಿ ಅವಳ ಧೈರ್ಯವೆಲ್ಲ ಮುಗಿಯಿತು. ಮೇಜಿನ ಅಂಚು ಹಿಡಿದು ಕೂತಳು.

ಅವನು ಲೆಕ್ಕ ಮುಗಿಸಿ, ಕಾಗದ ಪಿನ್ ಮಾಡಿದ. ಆಮೇಲೆ ಮೆಲ್ಲಗೆ ಹೇಳಿದ, "ಮುಂದಿನ ವರ್ಷ ನಿಮ್ಮ ರಿಟರ್ನ್ ನಾನು ಮಾಡೋಕಾಗಲ್ಲ."

ಅವಳು ಕುರ್ಚಿಯಿಂದ ಅರ್ಧ ಎದ್ದಳು. "ಯಾಕೆ? ಏನಾದ್ರೂ ತಪ್ಪಾಯ್ತಾ?"

"ಆಫೀಸಿನ ರೂಲು." ಅವನು ಈಗ ಕಣ್ಣೆತ್ತಿದ. ಕಿವಿ ಮತ್ತೆ ಕೆಂಪಾಗಿತ್ತು. "ನಮ್ಮ ಮನೆಯವರ ರಿಟರ್ನ್ ನಾವು ಮಾಡೋ ಹಾಗಿಲ್ಲ."

ಅರ್ಥವಾಗಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ನಗು ತಡೆಯಲಾಗಲಿಲ್ಲ, ಕಣ್ಣೀರೂ.

"ಹಾಗಾದ್ರೆ," ಎಂದಳು ಕಣ್ಣೊರೆಸಿಕೊಳ್ಳುತ್ತ, "ಬೇರೆ ಒಳ್ಳೆ ಆಡಿಟರ್ ಯಾರಿದ್ದಾರೆ, ನೀವೇ ಹೇಳಿಬಿಡಿ."