ಕಾಣದ ದೃಶ್ಯಕ್ಕೆ ನಕ್ಕವರು

ಇದು ನಾನು ಕಿವಿಯಾರೆ ಕೇಳಿದ್ದು. ನಮ್ಮಪ್ಪನಿಗೆ ಹಳೆಯ ಕೌಬಾಯ್ ಕಾಮಿಡಿ ಚಿತ್ರಗಳೆಂದರೆ ಪ್ರಾಣ. ತೆರೆಯ ಮೇಲೆ ಕುದುರೆ ಕೆನೆದರೆ ಸಾಕು, ಜೋಕು ಬರುವ ಮೊದಲೇ ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವವರೆಗೂ ನಗುತ್ತಿದ್ದರು. "ತಡೀರಪ್ಪ, ಇನ್ನೂ ಬಂದೇ ಇಲ್ಲ!" ಅಂತ ಅಕ್ಕ, ನಾನು ಗದರುತ್ತಿದ್ದೆವು.

ಅವರು ತೀರಿಕೊಂಡ ಮರುವರ್ಷ, ನಮ್ಮೂರಿನ ಹಳೆಯ ಟಾಕೀಸನ್ನು ಕೆಡವುವ ಮುಂಚೆ ಅವರ ಮೆಚ್ಚಿನ ಚಿತ್ರವನ್ನೇ ಮ್ಯಾಟಿನಿಗೆ ಹಾಕಿದರು. ನಾವಿಬ್ಬರೂ ಹೋದೆವು. ನಮ್ಮ ಹಿಂದಿನ ಸಾಲುಗಳೆಲ್ಲ ಖಾಲಿ. ದಪ್ಪ ಶೆರಿಫ್ ಕುದುರೆ ಹತ್ತಲು ಹೋಗಿ ಆಚೆ ಬದಿಗೆ ಬೀಳುವ ದೃಶ್ಯ ಇನ್ನೇನು ಬರಬೇಕು, ಪರದೆ ಬೆಳ್ಳಗಾಯಿತು.

"ಆ ಭಾಗದ ರೀಲು ಹರಿದುಹೋಗಿದೆ, ಸ್ವಲ್ಪ ತಡೀರಿ!" ಎಂದು ಆಪರೇಟರ್ ಮೇಲಿನಿಂದ ಕೂಗಿದ.

ಆಗ ನಮ್ಮ ಬೆನ್ನ ಹಿಂದೆ ಯಾರೋ ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಕೆಮ್ಮುತ್ತಾ, ಉಸಿರು ಸಿಕ್ಕಿಕೊಳ್ಳುವ ಹಾಗೆ. ತಿರುಗಲು ಹೋದೆ, ಅಕ್ಕ ಮೊಣಕೈ ಹಿಡಿದಳು.

"ತಿರುಗಬೇಡ ಕಣೋ. ನಗಲಿ ಬಿಡು."

ಖಾಲಿ ಪರದೆ ನೋಡುತ್ತಾ ನಾವೂ ನಕ್ಕೆವು, ಕಣ್ಣಲ್ಲಿ ನೀರು ಬರುವವರೆಗೂ.

ಚಿತ್ರ ಮುಗಿದು ದೀಪ ಹತ್ತಿದಾಗ ಹಿಂದೆ ಯಾರೂ ಇರಲಿಲ್ಲ. ಮಡಚಿ ನಿಂತ ಸೀಟುಗಳ ನಡುವೆ ಒಂದು ಮಾತ್ರ, ಯಾರೋ ಕೂತಿರುವ ಹಾಗೆ, ಕೆಳಗೇ ಇತ್ತು. ನಾವು ಬಾಗಿಲು ದಾಟುವ ಹೊತ್ತಿಗೆ ಅದೂ ಧಡ್ಡೆಂದು ಮಡಚಿಕೊಂಡಿತು.